ಎಂಟು ವರ್ಷದ ಲೆಕ್ಕವನ್ನು ಪೂರ್ತಿ ಹೇಳಿ

ಅಮೆರಿಕ ಎಂಟೇ ವರ್ಷದಲ್ಲಿ ಚಂದ್ರನ ಮೇಲೆ ಮನುಷ್ಯನನ್ನು ಇಳಿಸಿತು, ಮನುಷ್ಯರನ್ನು ಬಾಹ್ಯಾಕಾಶಕ್ಕೆ ಕಳಿಸುವ ಗಗನಯಾನ ಯೋಜನೆಯ ವಿಳಂಬ ಇಸ್ರೋದ ಅಸಾಮರ್ಥ್ಯ, ಆ ಹಣ ಹಾನಗಲ್, ಹಿರೇಕೆರೂರಿನ ರೈತರಿಗೆ ಸಲ್ಲಬೇಕಿತ್ತು ಎಂಬುದು ಗಗನಯಾನವನ್ನು ಟೀಕಿಸಿದ ಲೇಖನವೊಂದರ ಲೇಖಕರ ವಾದ.

ರೈತರ ಮೇಲಿನ ಕಾಳಜಿ ನ್ಯಾಯವೇ. ಹೋಲಿಕೆ ಮಾತ್ರ ಅರ್ಧಸತ್ಯ. ಅಮೆರಿಕನ್ನರನ್ನು ಚಂದ್ರನತ್ತ ಒಯ್ದ ಸ್ಯಾಟರ್ನ್-5 ರಾಕೆಟ್ಟಿನ ಹಿಂದೆ ಜರ್ಮನಿಯ ವಿ-2 ಕ್ಷಿಪಣಿ ಕಟ್ಟಿದ ವಾನ್ ಬ್ರಾನ್ ತಂಡದ ಅನುಭವವಿತ್ತು. 1966ರಲ್ಲಿ ಅಮೆರಿಕದ ಕೇಂದ್ರ ಬಜೆಟ್‌ನ ಶೇ 4ಕ್ಕೂ ಹೆಚ್ಚು ಪಾಲು ನಾಸಾಕ್ಕೆ ಹೋಗಿತ್ತು. ಆ ಧಾವಂತದಲ್ಲೇ 1967ರ ಜನವರಿ 27ರಂದು ಅಪೊಲೊ-1ರ ಮೂವರು ಗಗನಯಾತ್ರಿಗಳು ನೆಲದ ಮೇಲಿನ ಪರೀಕ್ಷೆಯಲ್ಲೇ ಬೆಂಕಿಗೆ ಬಲಿಯಾದರು. ಸೋವಿಯತ್ತಿನ ಚಂದ್ರ ರಾಕೆಟ್ ಎನ್-1 ಹಾರಿದ್ದು ನಾಲ್ಕು ಬಾರಿ, ನಾಲ್ಕೂ ವಿಫಲ.

ನಮ್ಮ ದಾರಿಯೇ ಬೇರೆ. ನಮಗೆ ಕ್ರಯೋಜೆನಿಕ್ (ಅತಿಶೀತ ಇಂಧನದ) ರಾಕೆಟ್ ಎಂಜಿನ್ ತಂತ್ರಜ್ಞಾನ ಕೊಡಲು ಒಪ್ಪಿದ್ದ ರಷ್ಯಾ 1993ರಲ್ಲಿ ಅಮೆರಿಕದ ಒತ್ತಡಕ್ಕೆ ಮಣಿದು ಹಿಂದೆ ಸರಿಯಿತು. ಮೈನಸ್ 253 ಡಿಗ್ರಿಯ ದ್ರವ ಜಲಜನಕವನ್ನು ಪಳಗಿಸಲು ನಾವೇ ಕಲಿತೆವು. ಸ್ವದೇಶಿ ಕ್ರಯೋಜೆನಿಕ್ ಹಂತದ ಹಾರಾಟದಲ್ಲಿ 2010ರಲ್ಲಿ ಸೋತೆವು, 2014ರ ಜನವರಿ 5ರಂದು ಗೆದ್ದೆವು. ಆ ಹಂತವಿದ್ದ ಜಿಎಸ್‌ಎಲ್‌ವಿ ರಾಕೆಟ್ಟೇ 2016ರಲ್ಲಿ ಹವಾಮಾನ ಉಪಗ್ರಹ ಇನ್ಸಾಟ್-3ಡಿಆರ್ ಅನ್ನು ಹೊತ್ತೊಯ್ದಿತು. ಶಿಗ್ಗಾವಿ, ಸವಣೂರಿನ ರೈತರು ಬಿತ್ತನೆಗೆ ಮುನ್ನ ಕೇಳುವ ಮಳೆ ಮುನ್ಸೂಚನೆಗೆ ಮೋಡದ ಚಿತ್ರ ಬರುವುದು ಇಂಥ ಉಪಗ್ರಹಗಳಿಂದಲೇ. ರೈತನ ಹಣ, ರಾಕೆಟ್ಟಿನ ಹಣ ಎಂದು ಬೇರ್ಪಡಿಸುವುದು ಅಷ್ಟು ಸುಲಭವಲ್ಲ.

ಇನ್ನು ಗಗನಯಾನದ ವಿಳಂಬ. ಅದಕ್ಕೆ ಸುರಕ್ಷತಾ ಪರೀಕ್ಷೆಗಳು ಬೇಕು. 2023ರ ಅಕ್ಟೋಬರ್ 21ರಂದು ಶ್ರೀಹರಿಕೋಟಾದಲ್ಲಿ, ಹಾರುತ್ತಿದ್ದ ರಾಕೆಟ್ಟಿನಿಂದ ಸಿಬ್ಬಂದಿ ಕೋಶವನ್ನು ಬೇರ್ಪಡಿಸಿ, ಪ್ಯಾರಾಚೂಟ್ ಬಿಚ್ಚಿ ಸಮುದ್ರಕ್ಕೆ ಇಳಿಸಿ ನೋಡಲಾಯಿತು. ಇಂಥ ಪರೀಕ್ಷೆಗಳಲ್ಲಿ ಯಾವುದನ್ನು ಕೈಬಿಡಬೇಕು ಎಂಬುದನ್ನು ಲೇಖಕರೇ ಹೇಳಲಿ.