ಕೆಚ್ಚಲಿನೊಳಗಿನ ಅತಿಭಾರ

ಅಹಿಂಸಾಣುವ್ರತಕ್ಕೆ ತತ್ತ್ವಾರ್ಥಸೂತ್ರವು ಐದು ಅತಿಚಾರಗಳನ್ನು ಹೇಳಿದೆ. ಅವುಗಳಲ್ಲೊಂದು ಅತಿಭಾರಾರೋಪಣ, ಪ್ರಾಣಿಯ ಶಕ್ತಿಯನ್ನು ಮೀರಿದ ಹೊರೆಯನ್ನು ಅದರ ಮೇಲೆ ಹೇರುವುದು. ಇದನ್ನು ಓದುವ ಶ್ರಾವಕನ ಕಣ್ಣೆದುರು ಎತ್ತಿನ ಗಾಡಿ, ಅದರ ಮೇಲಿನ ಮೂಟೆಗಳು ಸುಳಿಯುತ್ತವೆ. ಆ ಹೊರೆಯನ್ನಾದರೂ ಸಂಜೆಗೆ ಇಳಿಸಬಹುದು. ತಳಿಯ ಆಯ್ಕೆಯಿಂದ ದೇಹದೊಳಗೇ ಹೇರಿದ ಹೊರೆಯನ್ನು ಇಳಿಸುವವರು ಯಾರು?

ಅಮೆರಿಕದಲ್ಲಿ 1944ರಲ್ಲಿ ಹಸುವೊಂದು ವರ್ಷಕ್ಕೆ ಸರಾಸರಿ 2,074 ಕಿಲೋಗ್ರಾಂ ಹಾಲು ಕೊಡುತ್ತಿತ್ತು. 2007ರಲ್ಲಿ ಅದು 9,193 ಕಿಲೋಗ್ರಾಂ ಆಯಿತು. ಮೇವು, ಆರೈಕೆಗಳ ಪಾಲು ಇದರಲ್ಲಿ ಇದ್ದೇ ಇದೆ. ಆದರೆ ಹೆಚ್ಚು ಹಾಲಿನ ವಂಶದ ಹೋರಿಗಳನ್ನೇ ಆರಿಸಿ, ಕೃತಕ ಗರ್ಭಧಾರಣೆಯಿಂದ ಅವುಗಳ ಸಂತತಿಯನ್ನು ಹಬ್ಬಿಸಿದ್ದರ ಪಾಲೂ ದೊಡ್ಡದು. ಕರು ಹಾಕಿದ ಮೊದಲ ವಾರಗಳಲ್ಲಿ ಇಂಥ ಹಸು ತಿಂದುದಕ್ಕಿಂತ ಹೆಚ್ಚನ್ನು ಹಾಲಾಗಿ ಸುರಿಸುತ್ತದೆ. ಕೊರತೆಯನ್ನು ತನ್ನ ಕೊಬ್ಬು, ಮಾಂಸಖಂಡಗಳನ್ನು ಕರಗಿಸಿ ತುಂಬಿಕೊಳ್ಳುತ್ತದೆ. ವ್ಯಾಪಾರಿಗಳು ಇದನ್ನು ಲಾಭವೆನ್ನರು, ಅಸಲನ್ನು ತಿನ್ನುವುದೆನ್ನುವರು. ಕೆಚ್ಚಲು ಬಾವು, ಕುಂಟು, ಗರ್ಭ ಕಟ್ಟದಿರುವುದು ಅದರ ಫಲ. ಹೈನು ಹಸುಗಳ ಅನಾರೋಗ್ಯಕ್ಕೆ ಅಧಿಕ ಹಾಲಿಗಾಗಿ ದೀರ್ಘಕಾಲ ನಡೆದ ತಳಿ ಆಯ್ಕೆಯೇ ಪ್ರಮುಖ ಕಾರಣವೆಂದು ಯೂರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರದ ತಜ್ಞರು 2009ರಲ್ಲಿ ತೀರ್ಮಾನಿಸಿದರು.

ಇದು ಪರದೇಶದ ಮಾತೆಂದು ಸುಮ್ಮನಿರುವಂತಿಲ್ಲ. 2019ರ ಜಾನುವಾರು ಗಣತಿಯಂತೆ ಭಾರತದಲ್ಲಿ ವಿದೇಶಿ ಹಾಗೂ ಮಿಶ್ರತಳಿಯ ದನಗಳು 5 ಕೋಟಿಗೂ ಮಿಕ್ಕಿದ್ದವು. ಹೋಲ್‌ಸ್ಟೀನ್, ಜೆರ್ಸಿ ರಕ್ತದ ಹಸುಗಳು ಕರ್ನಾಟಕದ ಹಟ್ಟಿಗಳಲ್ಲೂ ತುಂಬಿವೆ. ತಂಪು ನಾಡಿನ ಆ ದೇಹ ಬೇಸಿಗೆಯ ಬಿಸಿಲಿಗೆ ಏದುಸಿರು ಬಿಡುತ್ತದೆ. ಅವುಗಳ ಗಂಡುಕರುಗಳ ಪಾಡು ಇನ್ನೂ ಕಠಿಣ. ಉಳುಮೆಗೆ ಟ್ರ್ಯಾಕ್ಟರ್ ಬಂದಿದೆ. ಹಾಲು ಕೊಡದ ಜೀವಕ್ಕೆ ಮೇವು ದಂಡವೆಂಬ ಲೆಕ್ಕಾಚಾರ ನಡೆದಿದೆ. ಅದೇ ಗಣತಿಯಲ್ಲಿ, 2012ಕ್ಕೆ ಹೋಲಿಸಿದರೆ ಹೆಣ್ಣು ದನಗಳು ಶೇಕಡಾ 18ರಷ್ಟು ಹೆಚ್ಚಿದ್ದವು. ಗಂಡು ದನಗಳು ಶೇಕಡಾ 30ರಷ್ಟು ಇಳಿದಿದ್ದವು. ಪ್ರಕೃತಿಯಲ್ಲಿ ಹೆಣ್ಣುಗಂಡು ಹೆಚ್ಚುಕಡಿಮೆ ಸಮನಾಗಿಯೇ ಹುಟ್ಟುತ್ತವೆ. ಹಾಗಾದರೆ ಆ ಗಂಡುಕರುಗಳು ಎಲ್ಲಿಗೆ ಹೋದವು?

“ಹಾಲು ಕೊಳ್ಳುವವನು ತಳಿಯನ್ನು ಆರಿಸಲಿಲ್ಲ, ಅವನಿಗೆ ದೋಷ ತಟ್ಟದು” ಎಂಬ ಸಮಾಧಾನವುಂಟು. ಕೃತ, ಕಾರಿತ, ಅನುಮೋದನೆಗಳೆಂಬ ಮೂರು ದ್ವಾರಗಳಿಂದಲೂ ಕರ್ಮವು ಬರುತ್ತದೆಂದು ಬಲ್ಲ ಸಮಾಜಕ್ಕೆ ಈ ಮಾತು ಒಪ್ಪುವುದಿಲ್ಲ. ಬಡ ರೈತನ ಜೀವನ ಮಿಶ್ರತಳಿಯಿಂದ ನಡೆಯುತ್ತಿದೆಯೆಂಬ ಆಕ್ಷೇಪವೂ ಉಂಟು, ಅದು ನಿಜ. ಆದುದರಿಂದಲೇ ರೈತನನ್ನು ದೂರುವುದು ಅನ್ಯಾಯ. ಲೀಟರಿನ ಲೆಕ್ಕದಲ್ಲಿಯೇ ಹಣ ಪಡೆಯುವವನು ಲೀಟರಿಗಾಗಿಯೇ ಹಸುವನ್ನು ಸಾಕುತ್ತಾನೆ. ಬೇರೆ ದಾರಿಯೇ ಇಲ್ಲವೆಂಬುದು ಮಾತ್ರ ಸುಳ್ಳು. ನಾರ್ವೆ ದೇಶವು 1970ರ ದಶಕದಿಂದಲೇ ಕೆಚ್ಚಲು ಬಾವಿನ ದಾಖಲೆಯಿಟ್ಟು, ಆರೋಗ್ಯವನ್ನೂ ಹೋರಿಗಳ ಆಯ್ಕೆಯ ಮಾನದಂಡವನ್ನಾಗಿಸಿತು.

ಬಸದಿಗಳ ಆಡಳಿತ ಮಂಡಳಿಗಳು ಕ್ಷೀರಾಭಿಷೇಕದ ಹಾಲು ಯಾವ ಹಟ್ಟಿಯಿಂದ ಬಂತು, ಅಲ್ಲಿಯ ಗಂಡುಕರು ಏನಾಯಿತು ಎಂದು ಕೇಳಲಿ. ಕರುವನ್ನು ಉಳಿಸಿಕೊಂಡ ರೈತನಿಗೆ ಹೆಚ್ಚಿನ ಬೆಲೆ ಕೊಡಲಿ. ಅದಕ್ಕೆ ಹಣ ಸಾಲದಿದ್ದರೆ ಕೊಡಗಳ ಸಂಖ್ಯೆಯನ್ನು ಇಳಿಸಲಿ. ಅಭಿಷೇಕದಲ್ಲಿ ಭಾವವು ಮುಖ್ಯವೇ ಹೊರತು ಪ್ರಮಾಣವಲ್ಲ. ಗೋಶಾಲೆ ನಡೆಸುವ ಟ್ರಸ್ಟುಗಳು ಹಾಲಿನ ಅಂಕಿಯನ್ನಷ್ಟೇ ನೋಡಿ ವೀರ್ಯಕಡ್ಡಿ ತರಿಸುವುದನ್ನು ನಿಲ್ಲಿಸಲಿ. ಶ್ರಾವಕರ ಮನೆಗಳಲ್ಲಿಯೂ ಹಾಲಿನ ಬಳಕೆಗೆ ಒಂದು ಪರಿಮಾಣವಿರಲಿ. ಕೋಳಿ ಸಾಕಣೆಯ ಕ್ರೌರ್ಯವನ್ನು ಖಂಡಿಸುವುದು ಜೈನರಿಗೆ ಸುಲಭ, ಅದು ಅವರ ಅಡುಗೆಮನೆಗೆ ಬರುವುದಿಲ್ಲ. ಹಾಲು ದಿನವೂ ಬರುತ್ತದೆ. ವ್ರತದ ಪರೀಕ್ಷೆ ನಡೆಯಬೇಕಾದುದು ಅಲ್ಲಿ.