ಸರಕಿಗೆ ಹೆಸರು ಕೊಡುವ ಉದ್ಯೋಗ

ಹೆಣ್ಣುಮಗಳೊಬ್ಬಳು ಪ್ರೌಢಶಾಲೆಯ ವ್ಯಾಸಂಗವನ್ನು ಮುಗಿಸಿದಳೆಂದರೆ, ಮುಂದೆ ಅವಳು ಉಪಾಧ್ಯಾಯಿನಿಯಾಗಬೇಕು, ಇಲ್ಲವೆ ದಾದಿಯಾಗಬೇಕು, ದೈವ ಒಲಿದರೆ ಸರ್ಕಾರಿ ಕಚೇರಿಯನ್ನು ಸೇರಬೇಕು ಎಂಬುದು ಯಾದಗಿರಿ, ಶಹಾಪುರ, ಸುರಪುರಗಳ ಪಾಲಕರಲ್ಲಿ ಬಹುಮಂದಿಯ ಅಭಿಪ್ರಾಯ. ಈ ಮೂರೂ ಗೌರವದ ಉದ್ಯೋಗಗಳೇ ಸರಿ. ಅವುಗಳ ವಿಷಯದಲ್ಲಿ ನಮಗೆ ಎರಡು ಮಾತಿಲ್ಲ. ಆದರೆ ನಾಲ್ಕನೆಯದೊಂದು ಯಾರ ಎಣಿಕೆಗೂ ಬಾರದಿರುವುದು ನಮಗೆ ಸರಿತೋರುವುದಿಲ್ಲ. ಸಾಬೂನು, ಎಣ್ಣೆ, ಚಹಪುಡಿ, ಬಿಸ್ಕತ್ತು ಮೊದಲಾದ ನಿತ್ಯಬಳಕೆಯ ಸರಕುಗಳನ್ನು ಮಾಡಿ ಮಾರುವ ಕಂಪನಿಗಳಲ್ಲಿ ಮಾರ್ಕೆಟಿಂಗ್ ಅಧಿಕಾರಿಯಾಗಿ ದುಡಿಯುವುದೇ ಆ ಉದ್ಯೋಗ.

ಈ ಹೆಸರನ್ನು ಕೇಳಿದೊಡನೆ, 'ಅಂಗಡಿ ಅಂಗಡಿ ತಿರುಗಿ ಮಾರುವ ಕೆಲಸವೇ?' ಎಂದು ಮೂಗು ಮುರಿಯುವವರುಂಟು. ಅಂಗಡಿ ತಿರುಗುವುದು ಅದರ ಮೊದಲನೆಯ ಪಾಠವೆಂಬುದೇನೋ ನಿಜ. ಆದರೆ ಅದೇ ಸರ್ವಸ್ವವಲ್ಲ. ಜನರಿಗೆ ಬೇಕಾದುದು ಯಾವುದು, ಅದನ್ನು ಎಷ್ಟು ಅಳತೆಯಲ್ಲಿ ಕಟ್ಟಬೇಕು, ಯಾವ ಬೆಲೆಯಿಡಬೇಕು, ಯಾವ ಹಳ್ಳಿಯ ಅಂಗಡಿಯವರೆಗೆ ಮುಟ್ಟಿಸಬೇಕು, ಅದರ ಗುಣವನ್ನು ಯಾವ ಮಾತಿನಿಂದ ತಿಳಿಸಬೇಕು ಎಂಬ ಪ್ರಶ್ನೆಗಳನ್ನು ಬಿಡಿಸುವುದು ಈ ಅಧಿಕಾರಿಯ ಕರ್ತವ್ಯ. ಒಟ್ಟಿನಲ್ಲಿ ಹೇಳುವುದಾದರೆ, ಹೆಸರಿಲ್ಲದ ಸರಕಿಗೆ ಒಂದು ಹೆಸರನ್ನು ಕೊಟ್ಟು, ಆ ಹೆಸರಿನ ಮೇಲೆ ಜನರ ವಿಶ್ವಾಸವನ್ನು ನಿಲ್ಲಿಸುವ ವಿದ್ಯೆ ಇದು.

ಇದು ಪರದೇಶದಿಂದ ಬಂದ ಹೊಸ ವಿದ್ಯೆಯೆಂದು ಯಾರೂ ತಿಳಿಯಬೇಕಾದುದಿಲ್ಲ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಗಂಧದ ಮರದ ರಫ್ತು ತಡೆದುಹೋಗಿ, ಮೈಸೂರು ಸಂಸ್ಥಾನದಲ್ಲಿ ಮರವು ರಾಶಿಬಿದ್ದಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಆ ಮರದಿಂದ ಎಣ್ಣೆ ತೆಗೆಯುವ ಕಾರ್ಖಾನೆಯೂ, ಅನಂತರ ಬೆಂಗಳೂರಿನಲ್ಲಿ ಸಾಬೂನಿನ ಕಾರ್ಖಾನೆಯೂ ಹುಟ್ಟಿದವು. ಇಂಗ್ಲೆಂಡಿನಲ್ಲಿ ಸಾಬೂನಿನ ವಿದ್ಯೆಯನ್ನು ಕಲಿತು ಬಂದ ಸೋಸಲೆ ಗರಳಪುರಿ ಶಾಸ್ತ್ರಿಗಳು ಒಳ್ಳೆಯ ಸಾಬೂನನ್ನು ಮಾಡಿದ್ದರಲ್ಲೇ ತೃಪ್ತರಾಗಲಿಲ್ಲ. ಅದಕ್ಕೆ ಅಂಡಾಕಾರವಾಯಿತು, ಒಡವೆಯ ಪೆಟ್ಟಿಗೆಯಂತಹ ಪೆಟ್ಟಿಗೆಯಾಯಿತು, ಸಿಂಹದ ಮೈಯೂ ಆನೆಯ ಮುಖವೂ ಉಳ್ಳ ಶರಭದ ಲಾಂಛನವಾಯಿತು. ಬೆಂಕಿಪೆಟ್ಟಿಗೆಗಳ ಮೇಲೆ ಅದರ ಜಾಹೀರಾತು ಬಂದಿತು. ಕರಾಚಿಯ ಬೀದಿಗಳಲ್ಲಿ ಅದಕ್ಕಾಗಿ ಒಂಟೆಗಳ ಮೆರವಣಿಗೆಯೂ ನಡೆಯಿತು. ಮರವಾಗಿ ಹೊರಟಿದ್ದರೆ ತೂಕದ ಬೆಲೆಯಷ್ಟೇ ಬರುತ್ತಿದ್ದ ವಸ್ತುವು, ಹೆಸರನ್ನು ಹೊತ್ತು ಹೊರಟುದರಿಂದ ಒಂದು ಶತಮಾನ ಕಳೆದ ಮೇಲೂ ನಾಡಿಗೆ ಆದಾಯವನ್ನು ತರುತ್ತಲಿದೆ. 2006ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು.

ಈಗ ನಮ್ಮ ಸೀಮೆಯತ್ತ ನೋಡೋಣ. ಸುರಪುರ ಸೀಮೆಯ ಮುದನೂರಿನ ದೇವರ ದಾಸಿಮಯ್ಯನು ನೇಯ್ಗೆಯನ್ನೇ ಕಾಯಕವಾಗಿ ನಂಬಿದವನು. ಮಾಡುವ ಕೈಗೆ ನಮ್ಮಲ್ಲಿ ಎಂದೂ ಕೊರತೆಯಿರಲಿಲ್ಲ. ಇಂದಿಗೂ ಇಲ್ಲಿ ತೊಗರಿ, ಹತ್ತಿ, ಶೇಂಗಾ ಬೆಳೆಯುತ್ತವೆ. ನಾರಾಯಣಪುರದ ಕಾಲುವೆ ಹರಿದ ಮೇಲೆ ಶಹಾಪುರ, ಸುರಪುರಗಳಲ್ಲಿ ಭತ್ತವೂ ಹೇರಳವಾಗಿದೆ. ಇವೆಲ್ಲವೂ ಚೀಲಗಳಲ್ಲಿ ತುಂಬಿ, ಯಾವ ಹೆಸರೂ ಇಲ್ಲದೆ, ಲಾರಿಯನ್ನೇರಿ ಹೋಗುತ್ತವೆ. ಬೇರೆ ಊರಿನಲ್ಲಿ ಅವು ಹೊಳೆಯುವ ಪೊಟ್ಟಣವನ್ನು ಹೊಕ್ಕು, ಬೇರೆಯವರ ಹೆಸರನ್ನು ತೊಟ್ಟು, ನಮ್ಮದೇ ಅಂಗಡಿಗಳಿಗೆ ಹೆಚ್ಚಿನ ಬೆಲೆಗೆ ಮರಳುತ್ತವೆ. ಬೆಳೆದವನ ಮಕ್ಕಳು ಗುಳೆ ಹೋಗಿ ಬೆಂಗಳೂರಿನಲ್ಲಿ ಕಲ್ಲು ಮಣ್ಣು ಹೊರುತ್ತಾರೆ. ಈ ಅನ್ಯಾಯಕ್ಕೆ ಕಾರಣಗಳು ಹಲವಿರಬಹುದು. ಹೆಸರು ಕೊಡುವ ವಿದ್ಯೆಯನ್ನು ನಮ್ಮವರು ಕಲಿಯದಿರುವುದೂ ಅವುಗಳಲ್ಲೊಂದು ಎಂಬುದು ನಮ್ಮ ದೃಢವಾದ ಅಭಿಪ್ರಾಯ.

ಈ ಉದ್ಯೋಗವು ಸುಳ್ಳನ್ನು ಮಾರುವ ಉದ್ಯೋಗವೆಂಬ ಆಕ್ಷೇಪಣೆಯೊಂದುಂಟು. ಇದನ್ನು ನಾವು ಹಗುರಾಗಿ ತಳ್ಳಿಹಾಕುವುದಿಲ್ಲ. 1975ರಲ್ಲಿ 'ಫೇರ್ ಅಂಡ್ ಲವ್ಲಿ' ಎಂಬ ಮುಲಾಮು ಮಾರುಕಟ್ಟೆಗೆ ಬಂದಿತು. ಮೈ ಬೆಳ್ಳಗಾದರೆ ಮದುವೆಯೂ ನೌಕರಿಯೂ ತಾವಾಗಿಯೇ ಒಲಿಯುವುವೆಂದು ಅದರ ಜಾಹೀರಾತುಗಳು ವರ್ಷಗಟ್ಟಲೆ ಬೋಧಿಸಿದವು. ಬಿಸಿಲಿನಲ್ಲಿ ಹತ್ತಿ ಬಿಡಿಸುವ ಮನೆತನದ ಹುಡುಗಿಯರಿಗೆ, ತಮ್ಮ ಮೈಬಣ್ಣವೇ ಒಂದು ದೋಷವೆಂದು ಕಲಿಸುವ ಬೋಧೆ ಅದು. ಲೋಕದ ನಾನಾ ಕಡೆಗಳಿಂದ ಖಂಡನೆ ಬಂದ ಮೇಲೆ 2020ರಲ್ಲಿ ಅದರ ಹೆಸರು 'ಗ್ಲೋ ಅಂಡ್ ಲವ್ಲಿ' ಎಂದು ಬದಲಾಯಿತು. ವಿದ್ಯೆಯು ಚೂರಿಯಂತೆ, ಅದು ಯಾರ ಕೈಯಲ್ಲಿದೆ ಎಂಬುದನ್ನು ನೋಡಬೇಕು. ಆ ಜಾಹೀರಾತುಗಳನ್ನು ಒಪ್ಪಿದ ಮೇಜಿನ ಸುತ್ತ ನಮ್ಮ ಸೀಮೆಯ ಹೆಣ್ಣುಮಗಳೊಬ್ಬಳು ಕುಳಿತಿದ್ದರೆ, 'ಇದು ನಮ್ಮ ತಂಗಿಯರಿಗೆ ಮಾಡುವ ಅವಮಾನ' ಎಂದು ಹೇಳುವ ಒಂದು ಬಾಯಿಯಾದರೂ ಅಲ್ಲಿರುತ್ತಿತ್ತು.

ಇದಲ್ಲದೆ, ಬಡವರ ರೂಪಾಯಿಯ ಬೆಲೆಯನ್ನು ಬಲ್ಲವರು ಈ ಉದ್ಯೋಗಕ್ಕೆ ಬಹಳ ಅವಶ್ಯ. ತಮಿಳುನಾಡಿನ ಕಡಲೂರಿನಲ್ಲಿ ಸಿ. ಕೆ. ರಂಗನಾಥನ್ ಎಂಬವರು 1983ರಲ್ಲಿ ಅಲ್ಪ ಬಂಡವಾಳದಿಂದ 'ಚಿಕ್' ಶಾಂಪೂವಿನ ವ್ಯಾಪಾರವನ್ನು ಆರಂಭಿಸಿದರು. ಸೀಸೆಯನ್ನು ಕೊಳ್ಳಲಾರದವರೂ ದಿನಗೂಲಿಯಲ್ಲಿ ಕೊಳ್ಳುವಂತೆ, ಮುಂದೆ 50 ಪೈಸೆಯ ಪೊಟ್ಟಣವನ್ನೂ ಹೊರತಂದರು. ದಿನದ ಕೂಲಿಯಿಂದ ದಿನದ ಸಂತೆ ಮಾಡುವ ಮನೆಯ ಕಷ್ಟ ಅರಿತವರಿಗೆ ಮಾತ್ರ ಇಂತಹ ಆಲೋಚನೆ ಹೊಳೆಯುತ್ತದೆ. ಹಾಗೆಂದು ಪೊಟ್ಟಣಗಳೆಲ್ಲ ಪರೋಪಕಾರವೆಂದು ನಾವು ಹೇಳುವುದಿಲ್ಲ. ಕೆಲವು ಸರಕುಗಳಲ್ಲಿ ಚಿಕ್ಕ ಪೊಟ್ಟಣವು ಅಗ್ಗ, ಕೆಲವುಗಳಲ್ಲಿ ತುಟ್ಟಿ. ಐದು ರೂಪಾಯಿಯ ಬಿಸ್ಕತ್ತಿನ ಬೆಲೆ ಹಾಗೆಯೇ ನಿಂತು, ಒಳಗಿನ ತೂಕ ಮಾತ್ರ ವರ್ಷದಿಂದ ವರ್ಷಕ್ಕೆ ಇಳಿದುದನ್ನು ಎಲ್ಲರೂ ಕಂಡಿದ್ದಾರೆ. ಖಾಲಿ ಪೊಟ್ಟಣಗಳು ಊರ ಚರಂಡಿಗಳನ್ನು ಕಟ್ಟುವುದೂ ಸುಳ್ಳಲ್ಲ. ಈ ಲೆಕ್ಕಗಳನ್ನೆಲ್ಲ ಎದುರಿಗಿಟ್ಟುಕೊಂಡು ನಿರ್ಣಯಿಸುವ ಅಧಿಕಾರಿಗಳು ನಮಗೆ ಬೇಕು.

ಹೆಂಗಸರಿಗೆ ಇದು ಒಗ್ಗದೆಂಬ ಮಾತಂತೂ ಈಗ ನಿಲ್ಲುವಂತಿಲ್ಲ. ನಲ್ಗೊಂಡ ಜಿಲ್ಲೆಯಲ್ಲಿ 2001ರ ಸುಮಾರಿಗೆ ಆರಂಭವಾದ 'ಶಕ್ತಿ' ಯೋಜನೆಯಲ್ಲಿ ಸ್ವಸಹಾಯ ಸಂಘದ ಹೆಂಗಸರೇ ಹಿಂದೂಸ್ಥಾನ್ ಲಿವರ್ ಕಂಪನಿಯ ಸರಕುಗಳನ್ನು ಹಳ್ಳಿಗಳಲ್ಲಿ ಮಾರಿ ಗಳಿಸಿದರು. ಅದೇ ಕಂಪನಿಯನ್ನು 1995ರಲ್ಲಿ ಸೇರಿ, ಮಾರಾಟ ಮತ್ತು ಮಾರ್ಕೆಟಿಂಗ್ ಕೆಲಸಗಳಲ್ಲಿ ಪಳಗಿದ ಪ್ರಿಯಾ ನಾಯರ್ ಅವರು 2025ರ ಆಗಸ್ಟ್ 1ರಂದು ಅದರ ಮುಖ್ಯ ಕಾರ್ಯನಿರ್ವಾಹಕರಾದರು. ಆ ಪದವಿಗೇರಿದ ಮೊದಲನೆಯ ಸ್ತ್ರೀ ಅವರು. ಹಳ್ಳಿಯ ಮನೆಬಾಗಿಲಿನಿಂದ ಹಿಡಿದು ಕಂಪನಿಯ ಅಗ್ರಪೀಠದವರೆಗೆ ಹೆಣ್ಣು ಈ ಕೆಲಸವನ್ನು ಮಾಡಿ ತೋರಿಸಿದ್ದಾಳೆ. ನಡುವಣ ಮೆಟ್ಟಿಲುಗಳಲ್ಲಿ ನಮ್ಮ ಹುಡುಗಿಯರು ಕಾಣಿಸಬೇಕೆಂಬುದೇ ನಮ್ಮ ಬಯಕೆ.

ಹಾದಿ ಸುಲಭವೆಂದು ಹೇಳಿ ಯಾರನ್ನೂ ನಾವು ಮರುಳುಗೊಳಿಸಲಾರೆವು. ಪದವಿಯೂ, ಅದರ ಮೇಲೆ ಸಾಮಾನ್ಯವಾಗಿ ಎರಡು ವರ್ಷಗಳ ಎಂ.ಬಿ.ಎ. ವ್ಯಾಸಂಗವೂ ಬೇಕು, ಇಂಗ್ಲಿಷ್, ಹಿಂದಿಗಳ ರೂಢಿ ಬೇಕು, ಮೊದಲ ವರ್ಷಗಳಲ್ಲಿ ಊರೂರು ಸುತ್ತಬೇಕು, ತಿಂಗಳ ಕೊನೆಗೆ ಮಾರಾಟದ ಲೆಕ್ಕ ಒಪ್ಪಿಸಬೇಕು. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆಯು ರಾಜ್ಯದಲ್ಲಿಯೇ ಕಡೆಯದಾಗಿದ್ದು, ಹೆಂಗಸರಲ್ಲಿ ನೂರಕ್ಕೆ 41ರಷ್ಟು ಮಂದಿ ಮಾತ್ರ ಅಕ್ಷರಸ್ಥರಾಗಿದ್ದರು. ಅಂತಹ ನಾಡಿನಲ್ಲಿ ಹತ್ತನೆಯ ತರಗತಿಯವರೆಗೆ ಬಂದ ಹುಡುಗಿಯನ್ನು ಅವಸರದ ಮದುವೆಗೆ ಒಪ್ಪಿಸುವುದು, ತೆನೆಗೆ ಬಂದ ಪೈರನ್ನು ದನಕ್ಕೆ ಬಿಟ್ಟಂತೆಯೇ ಸರಿ. ಪಾಲಕರು ಇನ್ನೂ ಏಳು ವರ್ಷವಾದರೂ ತಾಳ್ಮೆ ವಹಿಸಬೇಕು.

ಈ ಕಲಿಕೆಗೆ ಪಾಠಶಾಲೆಗಳೂ ಇಂದಿನಿಂದಲೇ ನೆರವಾಗಬಹುದು. ಗಣಿತದ ಪಾಠದಲ್ಲಿ ಅಂಗಡಿಯ ಪೊಟ್ಟಣಗಳನ್ನೇ ತರಿಸಿ, ಒಂದೊಂದು ಗ್ರಾಮಿಗೆ ಎಷ್ಟು ಬೆಲೆ ಬೀಳುವುದೆಂದು ಮಕ್ಕಳಿಂದ ಲೆಕ್ಕ ಹಾಕಿಸಿರಿ. ಕನ್ನಡದ ಪಾಠದಲ್ಲಿ, ನಮ್ಮ ತೊಗರಿಬೇಳೆಯ ಒಂದು ಪೊಟ್ಟಣಕ್ಕೆ ಹೆಸರಿಟ್ಟು, ಅದರ ಗುಣವನ್ನು ಒಂದು ಸುಳ್ಳೂ ಇಲ್ಲದೆ ನಾಲ್ಕು ವಾಕ್ಯಗಳಲ್ಲಿ ಬರೆಯ ಹೇಳಿರಿ. ಪ್ರಿಯ ವಿದ್ಯಾರ್ಥಿನಿಯರೇ, ಆ ನಾಲ್ಕು ವಾಕ್ಯಗಳನ್ನು ಬರೆಯುವುದು ನೀವೆಣಿಸಿದಷ್ಟು ಸುಲಭವಲ್ಲವೆಂಬುದನ್ನು ಕಾಣುವಿರಿ. ಬರೆದು ಗೆದ್ದವಳಿಗೆ ಈ ಉದ್ಯೋಗದ ಬಾಗಿಲು ಅಲ್ಲಿಂದಲೇ ತೆರೆಯುತ್ತದೆ.