ಗಾಲ್ಫ್ ಆಟವೂ ಸೊಂಟದ ನೋವೂ

ದೂರದ ಬೆಟ್ಟ ನುಣ್ಣಗೆ ಎಂಬ ಮಾತು ಗಾಲ್ಫ್ ಆಟಕ್ಕೆ ಚೆನ್ನಾಗಿ ಒಪ್ಪುತ್ತದೆ. ಹಸಿರು ಹುಲ್ಲಿನ ಮೈದಾನ, ನಿಧಾನವಾದ ನಡಿಗೆ, ಆಗೊಮ್ಮೆ ಈಗೊಮ್ಮೆ ಚೆಂಡಿಗೊಂದು ಹೊಡೆತ. ನೋಡುವವರ ಕಣ್ಣಿಗೆ ಇದು ವಿಶ್ರಾಂತಿಯೇ ಹೊರತು ವ್ಯಾಯಾಮವಲ್ಲ. 1876ರಲ್ಲಿಯೇ ಗಾಲ್ಫ್ ಕ್ಲಬ್ಬೊಂದನ್ನು ಕಂಡ ಬೆಂಗಳೂರಿನಲ್ಲಿಯೂ ಇದು ವಯಸ್ಸಾದವರ ಹಗುರವಾದ ಆಟವೆಂದು ಬಗೆಯುವವರುಂಟು. ನಿವೃತ್ತಿಯ ನಂತರ ಆಟ ಕಲಿಯಹೊರಟ ಗೃಹಸ್ಥರು ಒಂದು ದಿನ ಸೊಂಟ ಹಿಡಿದುಕೊಂಡು ಮನೆಗೆ ಮರಳಿದಾಗ ಮನೆಯವರೆಲ್ಲ ಬೆರಗಾಗುತ್ತಾರೆ.

ಬೆರಗಾಗಲು ಕಾರಣವಿಲ್ಲ. ದಾಂಡನ್ನು ಬೀಸುವಾಗ ನಡುವು ರಭಸದಿಂದ ತಿರುಚಿಕೊಳ್ಳುತ್ತದೆ. ಆ ಕ್ಷಣದಲ್ಲಿ ಬೆನ್ನೆಲುಬಿನ ಕೆಳಭಾಗದ ಮೇಲೆ ಬೀಳುವ ಒತ್ತಡವು ಆಟಗಾರನ ದೇಹದ ತೂಕದ ಹಲವು ಮಡಿಯಷ್ಟಿರುತ್ತದೆ. ಒಂದೇ ಬದಿಗೆ, ಮತ್ತೆ ಮತ್ತೆ ಇದೇ ಚಲನೆ. ಗಾಲ್ಫ್ ಆಟಗಾರರನ್ನು ಹೆಚ್ಚಾಗಿ ಕಾಡುವುದು ಸೊಂಟದ ನೋವೇ ಎಂಬುದರಲ್ಲಿ ಸೋಜಿಗವೇನಿದೆ?

ನೋವು ಬಂದೊಡನೆ ಹಾಸಿಗೆ ಹಿಡಿಯಬೇಕೆಂಬುದು ಎರಡನೆಯ ತಪ್ಪು ತಿಳಿವಳಿಕೆ. ಸೊಂಟದ ನೋವಿನ ರೋಗಿಗಳಲ್ಲಿ ಕೆಲವರಿಗೆ 2 ದಿನಗಳ, ಕೆಲವರಿಗೆ 7 ದಿನಗಳ ಹಾಸಿಗೆಯ ವಿಶ್ರಾಂತಿಯನ್ನು ವಿಧಿಸಿ ಅಮೆರಿಕದ ವೈದ್ಯರು ಹೋಲಿಸಿ ನೋಡಿದರು. 1986ರಲ್ಲಿ ಪ್ರಕಟವಾದ ಆ ಪರೀಕ್ಷೆಯಲ್ಲಿ, ಕಡಮೆ ಮಲಗಿದವರೇ ಬೇಗ ಕೆಲಸಕ್ಕೆ ಮರಳಿದರು. ಸಾಮಾನ್ಯ ನೋವಿಗೆ ತಾಳುವಷ್ಟು ನಡೆದಾಡುವುದೇ ಮೇಲು ಎಂಬುದು ಇಂದಿನ ವೈದ್ಯರ ಮತ.

ಮಂಜುಗಡ್ಡೆಯ ಕಥೆಯೂ ಸ್ವಾರಸ್ಯವಾದುದು. ಪೆಟ್ಟಾದ ಅಂಗಕ್ಕೆ ವಿಶ್ರಾಂತಿ ಕೊಟ್ಟು, ಮಂಜುಗಡ್ಡೆಯಿಟ್ಟು, ಪಟ್ಟಿ ಬಿಗಿದು, ಎತ್ತರದಲ್ಲಿರಿಸಬೇಕೆಂಬ ಸೂತ್ರವನ್ನು 1978ರಲ್ಲಿ ಪ್ರಚಾರಕ್ಕೆ ತಂದವರು ಅಮೆರಿಕದ ವೈದ್ಯ ಗೇಬ್ ಮಿರ್ಕಿನ್. ಮಂಜುಗಡ್ಡೆಯು ನೋವನ್ನು ಅಡಗಿಸಿದರೂ ವಾಸಿಯಾಗುವುದನ್ನು ತಡಮಾಡಬಹುದೆಂದು 2014ರಲ್ಲಿ ಅವರೇ ತಮ್ಮ ಮಾತನ್ನು ತಿದ್ದಿಕೊಂಡರು.

ಇನ್ನು ಮೊಣಕೈಯ ವಿಚಾರ. ಮೊಣಕೈಯ ಒಳಮಗ್ಗುಲಿನ ನೋವಿಗೆ ಗಾಲ್ಫಿನ ಹೆಸರು ಅಂಟಿಕೊಂಡಿದೆ. ಆದರೆ ದಾಂಡನ್ನು ಕಂಡೇ ಇರದ ಬಡಗಿಗೂ ಅದು ಬರಬಹುದು. ಟೆನಿಸ್ಸಿನ ಹೆಸರು ಹೊತ್ತ ಹೊರಮಗ್ಗುಲಿನ ನೋವು ಗಾಲ್ಫ್ ಆಟಗಾರನಿಗೂ ಬರಬಹುದು. ಸ್ಟಿರಾಯಿಡ್ ಚುಚ್ಚುಮದ್ದಿನಿಂದ ಕೆಲವು ವಾರ ಹಾಯೆನಿಸುವುದು ನಿಜ. ಆದರೆ ಟೆನಿಸ್ ಮೊಣಕೈಗೆ ಅದನ್ನು ತೆಗೆದುಕೊಂಡವರ ಸ್ಥಿತಿ ವರ್ಷದ ಕೊನೆಗೆ ತೆಗೆದುಕೊಳ್ಳದವರಿಗಿಂತ ಮೇಲಾಗಿರಲಿಲ್ಲವೆಂದು ಪರೀಕ್ಷೆಗಳು ತೋರಿಸಿವೆ. ಭಾರವನ್ನು ಮೆಲ್ಲಮೆಲ್ಲನೆ ಹೆಚ್ಚಿಸುವ ವ್ಯಾಯಾಮಕ್ಕೆ ಸಮಯ ಬೇಕು, ತಾಳ್ಮೆಯೂ ಬೇಕು.

ಚಿತ್ರ ತೆಗೆಸಿದರೆ ಎಲ್ಲವೂ ತಿಳಿಯುತ್ತದೆಂದು ನಂಬುವವರೂ ಉಂಟು. ಯಾವ ನೋವೂ ಇಲ್ಲದವರ ಬೆನ್ನಿನ ಚಿತ್ರಗಳನ್ನು ಕುರಿತು 2015ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ಇಲ್ಲಿ ಗಮನಾರ್ಹ. ಬೆನ್ನೆಲುಬಿನ ನಡುವಣ ಮೆತ್ತೆಗಳ ಸವೆತವು 20 ವರ್ಷದವರಲ್ಲಿ ನೂರಕ್ಕೆ 37 ಮಂದಿಗೂ, 80 ವರ್ಷದವರಲ್ಲಿ 96 ಮಂದಿಗೂ ಇತ್ತು! ಸವೆತ ಕಂಡಿತೆಂದ ಮಾತ್ರಕ್ಕೆ ಅದೇ ನೋವಿನ ಮೂಲವೆಂದು ಎದೆಗುಂದಬೇಕಾಗಿಲ್ಲ.

ಮಹಾ ಆಟಗಾರರ ಕಥೆಗಳೂ ಕೆಲವೊಮ್ಮೆ ದಾರಿ ತಪ್ಪಿಸುತ್ತವೆ. 1949ರ ಫೆಬ್ರವರಿಯಲ್ಲಿ ಬೆನ್ ಹೋಗನ್ನನ ಮೋಟಾರಿಗೆ ಬಸ್ಸು ಅಪ್ಪಳಿಸಿತು. ಪಕ್ಕದಲ್ಲಿದ್ದ ಹೆಂಡತಿಯನ್ನು ಕಾಪಾಡಲು ಅವನು ಅಡ್ಡ ಬಿದ್ದನು. ಅವನ ಸೊಂಟದ ಎಲುಬು ಮುರಿಯಿತು. 1950ರ ಜೂನ್‌ನಲ್ಲಿ ಅವನು ಅಮೆರಿಕದ ಓಪನ್ ಪಂದ್ಯವನ್ನು ಗೆದ್ದುದನ್ನು ಜಗತ್ತು ನೆನೆಯುತ್ತದೆ. ಆದರೆ ಅವನು ಮೊದಲು ನಡೆಯುವುದನ್ನೇ ಮತ್ತೆ ಕಲಿತನೆಂಬುದನ್ನೂ, ಮುಂದೆ ವರ್ಷಕ್ಕೆ ಕೆಲವೇ ಪಂದ್ಯಗಳನ್ನು ಆಯ್ದು ಆಡಿದನೆಂಬುದನ್ನೂ ಮರೆಯುತ್ತದೆ. ಟೈಗರ್ ವುಡ್ಸ್‌ಗೆ 2014ರಿಂದ 2017ರೊಳಗೆ ಬೆನ್ನಿನ ಶಸ್ತ್ರಚಿಕಿತ್ಸೆ ನಾಲ್ಕು ಬಾರಿ ನಡೆಯಿತು. ಮಾಸ್ಟರ್ಸ್ ಪಂದ್ಯವನ್ನು ಅವನು ಮತ್ತೆ ಗೆದ್ದುದು 2019ರಲ್ಲಿ. ಇಬ್ಬರ ಜಯದ ಹಿಂದೆಯೂ ಛಲದಷ್ಟೇ ಸಂಯಮವೂ ಇದ್ದಿತು.

ಮರಳಿ ಆಡಬಯಸುವವರು ಮೊದಲು ಗುಳಿಯ ಸಮೀಪದ ಮೆಲುಹೊಡೆತಗಳಿಂದ ಆರಂಭಿಸಿ, ಬಳಿಕ ಅರ್ಧ ಬೀಸು, ಕೊನೆಗೆ ಪೂರ್ಣ ಬೀಸು, ಹೀಗೆ ಮೆಟ್ಟಿಲೇರುವುದು ಲೇಸು. ಆಟಕ್ಕೆ ಮುನ್ನ ಹತ್ತು ನಿಮಿಷ ಮೈ ಬೆಚ್ಚಗಾಗಿಸಿಕೊಳ್ಳುವುದು ವ್ಯರ್ಥವಲ್ಲ.

ಎಲ್ಲ ನೋವನ್ನೂ ಹಗುರವಾಗಿ ಕಾಣಬಾರದು. ಕಾಲಿನ ಬಲ ಕುಂದಿದರೆ, ತೊಡೆಸಂದಿಯಲ್ಲಿ ಸ್ಪರ್ಶ ತಿಳಿಯದಿದ್ದರೆ, ಮೂತ್ರದ ಹಿಡಿತ ತಪ್ಪಿದರೆ, ಒಡನೆಯೇ ಆಸ್ಪತ್ರೆಗೆ ಹೋಗಬೇಕು. ನಡೆಯುವಾಗ ಎದೆ ಬಿಗಿದು ತೋಳಿಗೆ ಹರಡುವ ನೋವನ್ನು ಸ್ನಾಯುವಿನ ಉಳುಕೆಂದು ಎಣ್ಣೆ ತಿಕ್ಕುತ್ತ ಕುಳಿತರೆ ಪ್ರಾಣಕ್ಕೇ ಕುತ್ತು ಬರಬಹುದು. ಅದು ಹೃದಯದ ಕರೆಯಾಗಿರಬಹುದು.

ಉಳಿದಂತೆ, ಸೊಂಟ ಹಿಡಿದು ಬಂದ ಗೃಹಸ್ಥರಿಗೆ “ಈ ವಯಸ್ಸಿನಲ್ಲಿ ಇದೆಲ್ಲ ಏತಕ್ಕೆ?” ಎಂದು ಮನೆಯವರು ಆಟವನ್ನೇ ಬಿಡಿಸುವ ಮುನ್ನ ಯೋಚಿಸಬೇಕು. ನೋವು ಕೆಲವು ವಾರಗಳಲ್ಲಿ ಹೋದೀತು. ಅಂಜಿಕೆಯಿಂದ ಕುರ್ಚಿಗೆ ಅಂಟಿಕೊಂಡವರನ್ನು ಮತ್ತೆ ಎಬ್ಬಿಸುವುದು ಅದಕ್ಕಿಂತಲೂ ಕಷ್ಟ.